ಗಿಲಾ ಕಿರುಮೀನಿನ ಚರಿತ್ರೆಯೂ ರೋಗನಿರೋಧಕ ವಂಶವಾಹಿಗಳ ಪಾಠಾಂತರಗಳೂ

೧

ಪ್ರಾಚೀನ ಗ್ರಂಥಗಳನ್ನು ಶೋಧಿಸಿ ಅಚ್ಚಿಗೆ ಸಿದ್ಧಪಡಿಸುವವರಿಗೆ ಒಂದು ಸಂಗತಿ ಸ್ವಾನುಭವದಿಂದಲೇ ತಿಳಿದಿರುತ್ತದೆ. ಓಲೆಯ ಪ್ರತಿಗಳು ಎಷ್ಟೇ ದೊರೆಯಲಿ, ಅವೆಲ್ಲವೂ ಒಂದೇ ಮಾತೃಕೆಯಿಂದ ನಕಲಾದವುಗಳಾಗಿದ್ದರೆ ಹತ್ತು ಪ್ರತಿಗಳಿಂದ ಆಗುವ ಸಹಾಯವು ಒಂದು ಪ್ರತಿಯಿಂದ ಆಗುವುದಕ್ಕಿಂತ ಹೆಚ್ಚಿನದಲ್ಲ. ಮಾತೃಕೆಯಲ್ಲಿ ಬಿಟ್ಟುಹೋದ ಅಕ್ಷರ ಎಲ್ಲದರಲ್ಲಿಯೂ ಬಿಟ್ಟುಹೋಗಿರುತ್ತದೆ. ದೂರದ ಯಾವುದೋ ಮಠದಲ್ಲಿಯೋ ಬಸದಿಯಲ್ಲಿಯೋ ಬೇರೊಂದು ಶಾಖೆಗೆ ಸೇರಿದ ಜೀರ್ಣಪ್ರತಿಯೊಂದು ಸಿಕ್ಕಿತೆಂದರೆ ಮಾತ್ರ ಹೊಸ ಪಾಠಗಳು ಬೆಳಕಿಗೆ ಬಂದು ಗ್ರಂಥವು ಊರ್ಜಿತವಾಗುತ್ತದೆ. ಪ್ರತಿಗಳ ಸಂಖ್ಯೆ ಒಂದು, ಪಾಠಗಳ ಸಂಪತ್ತು ಇನ್ನೊಂದು; ಇವೆರಡನ್ನೂ ಒಂದೆಂದು ತಿಳಿದವನು ಸಂಪಾದಕನಾಗಲಾರನು.

ಅಳಿವಿನ ಅಂಚಿಗೆ ಬಂದಿರುವ ಜೀವಕುಲಗಳನ್ನು ಉಳಿಸಲು ಹೊರಟ ಪಂಡಿತರಿಗೆ ಈ ಭೇದವು ತಿಳಿದುಬಂದುದು ತೀರ ಈಚೆಗೆ. ಇಪ್ಪತ್ತನೆಯ ಶತಮಾನದ ಬಹುಭಾಗ ಅವರು ಎಣಿಸಿದುದು ತಲೆಗಳನ್ನೇ ಹೊರತು ಪಾಠಗಳನ್ನಲ್ಲ. ಈ ವಿಚಾರವು ಹೇಗೆ ಹುಟ್ಟಿತು, ಯಾವ ಪರೀಕ್ಷೆಗಳಿಗೆ ಗುರಿಯಾಯಿತು, ಯಾವ ವಾಗ್ವಾದವನ್ನು ಎಬ್ಬಿಸಿತು ಎಂಬುದಕ್ಕೆ ಒಂದು ಅತ್ಯಲ್ಪ ಗಾತ್ರದ ಮೀನಿನ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೆ ಸಿಕ್ಕುವುದು ಕಷ್ಟ. ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನ ಪ್ರಾಂತದ ಗಿಲಾ ನದಿಯ ಜಲಾನಯನ ಪ್ರದೇಶದಲ್ಲಿ ವಾಸಿಸುವ ಆ ಮೀನನ್ನು ಅಲ್ಲಿಯವರು ಗಿಲಾ ಟಾಪ್‌ಮಿನ್ನೊ ಎಂದು ಕರೆಯುತ್ತಾರೆ. ನೀರಿನ ಮೇಲ್ಪದರದಲ್ಲಿ ಸಂಚರಿಸುವುದರಿಂದ ಈ ಹೆಸರು ಬಂದಿದೆ. ಈ ಲೇಖನದಲ್ಲಿ ಅದನ್ನು ಗಿಲಾ ಕಿರುಮೀನು ಎಂದು ಕರೆಯಲಾಗುವುದು. ಶಾಸ್ತ್ರದಲ್ಲಿ ಅದರ ಹೆಸರು ಪೊಯಿಸಿಲಿಯಾಪ್ಸಿಸ್ ಆಕ್ಸಿಡೆಂಟಾಲಿಸ್.

೨

ಈ ಮೀನಿನ ಗಂಡು ಒಂದು ಅಂಗುಲಕ್ಕೆ ಮೀರುವುದು ಅಪರೂಪ. ಹೆಣ್ಣು ಎರಡಂಗುಲದವರೆಗೆ ಬೆಳೆಯಬಹುದು. ಅದು ಮೊಟ್ಟೆಯಿಡುವ ಮೀನಲ್ಲ, ಮರಿ ಹಾಕುವ ಮೀನು. ಸಂತಾನಕಾಲದಲ್ಲಿ ಪ್ರಬಲವಾದ ಗಂಡುಗಳು ಕಪ್ಪುಬಣ್ಣ ತಾಳುತ್ತವೆ. ಸಂಯುಕ್ತ ಸಂಸ್ಥಾನಕ್ಕೂ ಮೆಕ್ಸಿಕೋ ದೇಶಕ್ಕೂ ನಡುವಣ ಗಡಿ ಪ್ರದೇಶದ ಜೀವಿಗಳು ಶಾಸ್ತ್ರಜ್ಞರ ಕೈಗೆ ಬರುತ್ತಿದ್ದ ಕಾಲದಲ್ಲಿ, ಎಂದರೆ ೧೮೫೩ರಲ್ಲಿ, ಬೇರ್ಡ್ ಮತ್ತು ಜಿರಾರ್ಡ್ ಎಂಬಿಬ್ಬರು ವಿದ್ವಾಂಸರು ಇದನ್ನು ಮೊದಲು ವರ್ಣಿಸಿದರು. ಅವರಿಗೆ ಮಾದರಿ ದೊರೆತುದು ಟೂಸಾನ್ ಊರಿನ ಬಳಿ ಹರಿಯುವ ಸಾಂಟಾ ಕ್ರೂಜ್ ನದಿಯಲ್ಲಿ. ಈ ಸ್ಥಳವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಕಥೆಯ ಕೊನೆಯಲ್ಲಿ ಇಲ್ಲಿಗೇ ಮರಳಿ ಬರಬೇಕಾಗಿದೆ.

೧೯೪೧ರಲ್ಲಿ ಕಾರ್ಲ್ ಹಬ್ಸ್ ಮತ್ತು ರಾಬರ್ಟ್ ಮಿಲ್ಲರ್ ಎಂಬ ಮತ್ಸ್ಯಶಾಸ್ತ್ರಜ್ಞರು, ಕೊಲೊರಾಡೊ ನದಿಯ ಜಲಾನಯನದ ದಕ್ಷಿಣ ಭಾಗದಲ್ಲಿ ಅತ್ಯಂತ ಸಾಮಾನ್ಯವಾದ ಮೀನುಗಳಲ್ಲಿ ಇದೂ ಒಂದೆಂದು ಬರೆದರು. ಆದರೆ ಆ ಮಾತು ಬರೆಯುವ ವೇಳೆಗಾಗಲೇ ಕ್ಷಯವು ಪ್ರಾರಂಭವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಿತಿಮೀರಿದ ದನಗಳ ಹಿಂಡುಗಳು ಹುಲ್ಲುಗಾವಲನ್ನು ಬೋಳಾಗಿಸಿದುವು. ಬರಗಾಲದ ಬೆನ್ನಿಗೆ ಬಂದ ಪ್ರವಾಹಗಳು ಹೊಳೆಯ ಪಾತ್ರವನ್ನು ಆಳವಾಗಿ ಕೊರೆದುವು. ದಡದಲ್ಲಿದ್ದ ಜವುಗು ನೆಲಗಳು ಬತ್ತಿಹೋದುವು. ಅನಂತರ ಅಣೆಕಟ್ಟುಗಳೂ ಅಂತರ್ಜಲವನ್ನು ಎತ್ತುವ ಯಂತ್ರಗಳೂ ಬಂದುವು. ಹೊಳೆಯಾಗಿದ್ದುದು ಮರಳಾಯಿತು; ಮೀನು ಅಲ್ಲಲ್ಲಿ ಉಳಿದ ಚಿಲುಮೆಗಳಿಗೆ ಸರಿಯಿತು.

ಇದಕ್ಕಿಂತಲೂ ಘೋರವಾದ ಪೆಟ್ಟು ಪರೋಪಕಾರದ ವೇಷದಲ್ಲಿ ಬಂದಿತು. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂಬ ಕಾರಣದಿಂದ ಗ್ಯಾಂಬೂಸಿಯಾ ಎಂಬ ಮೀನನ್ನು ೧೯೨೬ರಲ್ಲಿ ಅರಿಜೋನಕ್ಕೆ ತಂದು ಬಿಟ್ಟರು. ಇದೇ ಬಳಗದ ಮೀನು ೧೯೨೮ರ ಸುಮಾರಿಗೆ ಮಲೇರಿಯಾ ನಿವಾರಣೆಗಾಗಿ ಇಟಲಿಯಿಂದ ನಮ್ಮ ಬೆಂಗಳೂರಿಗೂ ಬಂದಿತು. ಅರಿಜೋನದಲ್ಲಿ ಇದು ಸೊಳ್ಳೆಯ ಮರಿಯನ್ನು ತಿಂದುದಲ್ಲದೆ ಕಿರುಮೀನಿನ ಮರಿಯನ್ನೂ ತಿಂದಿತು. ಬೆಳೆದ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯಿತು. ಅನೇಕ ಕಡೆಗಳಲ್ಲಿ ಗ್ಯಾಂಬೂಸಿಯಾ ಹೊಕ್ಕ ಕೆಲವೇ ವರ್ಷಗಳಲ್ಲಿ ಸ್ಥಳೀಯ ಮೀನು ಇಲ್ಲವಾಯಿತು. ೧೯೬೭ರಲ್ಲಿ ಅಲ್ಲಿಯ ಸರ್ಕಾರ ಪ್ರಕಟಿಸಿದ ಅಪಾಯಗ್ರಸ್ತ ಪ್ರಾಣಿಗಳ ಮೊದಲ ಪಟ್ಟಿಯಲ್ಲಿ, ಕಾಲು ಶತಮಾನದ ಹಿಂದೆ ಅತ್ಯಂತ ಸಾಮಾನ್ಯವೆನಿಸಿದ್ದ ಈ ಮೀನಿನ ಹೆಸರು ಸೇರಿತು.

ಉಳಿದ ನೆಲೆಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯವಾದುವು. ಒಂದು, ಮಂಕಿ ಸ್ಪ್ರಿಂಗ್ ಎಂಬ ಚಿಲುಮೆ. ಸುಣ್ಣದ ನೀರು ಹೆಪ್ಪುಗಟ್ಟಿ ತಾನೇ ಕಟ್ಟಿಕೊಂಡ ಕಲ್ಲೊಡ್ಡಿನಿಂದಾಗಿ ಅದು ಸಾವಿರಾರು ವರ್ಷಗಳಿಂದ ಕೆಳಗಿನ ಹೊಳೆಯ ಸಂಪರ್ಕವನ್ನು ಕಳೆದುಕೊಂಡಿದೆ. ಇನ್ನೊಂದು, ಸಾಂಟಾ ಕ್ರೂಜ್ ನದಿಯ ಮೇಲ್ಭಾಗದ ಶಾರ್ಪ್ ಸ್ಪ್ರಿಂಗ್. ಮೀನನ್ನು ಮತ್ತೆ ಹರಡಬೇಕೆಂದು ಹೊರಟ ಅಧಿಕಾರಿಗಳು ಮೂಲಸಂತಾನಕ್ಕಾಗಿ ಆರಿಸಿದುದು ಮಂಕಿ ಚಿಲುಮೆಯ ಮೀನನ್ನು. ಅದು ಶುದ್ಧವಾದ ಕುಲ, ಸುಲಭವಾಗಿ ಕೈಗೆ ಸಿಕ್ಕುತ್ತಿತ್ತು. ಒಂದು ಸಸ್ಯೋದ್ಯಾನದ ಕೊಳದಲ್ಲಿ ಅದರ ಸಂತತಿ ಹೇರಳವಾಗಿ ಬೆಳೆದಿತ್ತು. ೧೯೮೦ರ ದಶಕದಲ್ಲಿ ನೂರಕ್ಕೂ ಮಿಕ್ಕ ಬಾವಿ, ಕುಂಟೆ, ಚಿಲುಮೆಗಳಲ್ಲಿ ಮೀನನ್ನು ಬಿಡಲಾಯಿತು. ತಲೆಯೆಣಿಕೆಯ ದೃಷ್ಟಿಯಿಂದ ಇದು ದೊಡ್ಡ ಕಾರ್ಯವೇ ಸರಿ. ಆದರೆ ಹಾಗೆ ಬಿಟ್ಟ ಸಂತತಿಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ನಶಿಸಿದುವು. ಬರ, ಪ್ರವಾಹ, ಗ್ಯಾಂಬೂಸಿಯಾಗಳು ಇದಕ್ಕೆ ಮುಖ್ಯ ಕಾರಣಗಳು. ಅದರ ಜೊತೆಗೆ, ಬಿಟ್ಟ ಮೀನಿನಲ್ಲಿಯೇ ಏನಾದರೂ ಕೊರತೆಯಿದ್ದಿತೆ ಎಂಬ ಪ್ರಶ್ನೆಯೂ ಎದ್ದಿತು.

೩

ಈ ಪ್ರಶ್ನೆಯ ಬೆಲೆಯನ್ನು ಅರಿಯಬೇಕಾದರೆ ಮೀನನ್ನು ಸ್ವಲ್ಪಹೊತ್ತು ಬಿಟ್ಟು, ರೋಗನಿರೋಧಕ ವಂಶವಾಹಿಗಳ ಶೋಧನೆಯ ಚರಿತ್ರೆಯನ್ನು ನೋಡಬೇಕು. ಆ ಶೋಧನೆ ಆರಂಭವಾದುದು ರೋಗದ ವಿಚಾರದಿಂದಲ್ಲ, ಇಲಿಗಳ ಮೈಯ ಗಡ್ಡೆಗಳಿಂದ. ಒಂದು ಇಲಿಯ ಗಡ್ಡೆಯನ್ನು ಇನ್ನೊಂದಕ್ಕೆ ಕಸಿಮಾಡಿದರೆ ಕೆಲವು ಇಲಿಗಳು ಅದನ್ನು ಸ್ವೀಕರಿಸುತ್ತಿದ್ದುವು, ಕೆಲವು ತಿರಸ್ಕರಿಸುತ್ತಿದ್ದುವು. ೧೯೩೬ರಿಂದ ಮುಂದೆ ಲಂಡನ್ನಿನ ಪೀಟರ್ ಗೋರರ್ ಈ ತಿರಸ್ಕಾರವು ರಕ್ತದಲ್ಲಿ ಗುರುತಿಸಬಹುದಾದ ಒಂದು ಆನುವಂಶಿಕ ವಸ್ತುವನ್ನು ಅವಲಂಬಿಸಿದೆಯೆಂದು ತೋರಿಸಿದರು. ೧೯೪೮ರಲ್ಲಿ ಅವರೂ ಅಮೆರಿಕದ ಜಾರ್ಜ್ ಸ್ನೆಲ್ ಅವರೂ ಕೂಡಿ ಅದರ ಸ್ಥಾನವನ್ನು ನಿರ್ಧರಿಸಿದರು. ೧೯೫೮ರಲ್ಲಿ ಫ್ರಾನ್ಸಿನ ಝಾಂ ದೊಸೆ ಮನುಷ್ಯರಲ್ಲಿಯೂ ಇಂತಹುದು ಇದೆಯೆಂದು ಕಂಡರು. ಸ್ನೆಲ್, ದೊಸೆ ಮತ್ತು ಬೆನಸೆರಾಫ್ ಎಂಬ ಮೂವರಿಗೆ ೧೯೮೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗೋರರ್ ೧೯೬೧ರಲ್ಲಿಯೇ ತೀರಿಕೊಂಡಿದ್ದುದರಿಂದ ಆ ಗೌರವಕ್ಕೆ ಪಾತ್ರರಾಗಲಿಲ್ಲ.

ಕಸಿಮಾಡುವುದು ಮನುಷ್ಯನ ಕೃತಿ. ಪ್ರಕೃತಿಯಲ್ಲಿ ಒಂದು ಇಲಿ ಇನ್ನೊಂದರ ಚರ್ಮವನ್ನು ಹೊದೆಯುವುದಿಲ್ಲ. ಹಾಗಾದರೆ ಈ ವಂಶವಾಹಿಗಳ ನಿಜವಾದ ಉದ್ಯೋಗವೇನು? ೧೯೭೪ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕೆಲಸಮಾಡುತ್ತಿದ್ದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗೆಲ್ ಇದಕ್ಕೆ ಉತ್ತರ ಕೊಟ್ಟರು. ದೇಹದ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳನ್ನು ಸದಾ ಚೂರುಮಾಡುತ್ತಿರುತ್ತವೆ. ಆ ಚೂರುಗಳನ್ನು ಹಿಡಿದು ಕೋಶದ ಹೊರಮೈಗೆ ತಂದು ಒಡ್ಡುವುದು ಈ ವಂಶವಾಹಿಗಳಿಂದ ನಿರ್ಮಿತವಾದ ಅಣುಗಳ ಕಾರ್ಯ. ಬಿಳಿಯ ರಕ್ತಕಣಗಳಲ್ಲಿ ಒಂದು ಜಾತಿಯವು ಕಾವಲುಗಾರರಂತೆ ಸುತ್ತುತ್ತ ಆ ಚೂರುಗಳನ್ನು ಪರೀಕ್ಷಿಸುತ್ತವೆ. ಪರಕೀಯವಾದ ಚೂರೊಂದು ಕಂಡೊಡನೆ ಆ ಕೋಶಕ್ಕೆ ರೋಗಾಣು ಹೊಕ್ಕಿದೆಯೆಂದು ತಿಳಿದು ಅದನ್ನು ನಾಶಮಾಡುತ್ತವೆ. ಕೋಶದೊಳಗೆ ಬೆಳೆಯುವ ವೈರಿಗಳನ್ನು ತೋರಿಸಿಕೊಡುವುದಕ್ಕೆ ಒಂದನೆಯ ವರ್ಗದ ಅಣುಗಳೂ, ಹೊರಗಿನಿಂದ ನುಂಗಿದ ವೈರಿಗಳನ್ನು ತೋರಿಸಿಕೊಡುವುದಕ್ಕೆ ಎರಡನೆಯ ವರ್ಗದ ಅಣುಗಳೂ ಇವೆ. ಈ ಸಮೂಹಕ್ಕೆ ಶಾಸ್ತ್ರಜ್ಞರು ಎಂ. ಎಚ್. ಸಿ. ಎಂಬ ಸಂಕೇತವನ್ನು ಇಟ್ಟಿದ್ದಾರೆ. ಜಪಾನಿನ ಪಂಡಿತರು ೧೯೯೦ರಲ್ಲಿ ಕಾರ್ಪ್ ಮೀನಿನಲ್ಲಿ ಇವುಗಳನ್ನು ಕಂಡುಹಿಡಿದ ಮೇಲೆ ಮೀನುಗಳ ವಿಷಯದಲ್ಲಿಯೂ ಅಧ್ಯಯನಕ್ಕೆ ದಾರಿಯಾಯಿತು.

ಇಲ್ಲಿಯೇ ಪಾಠಾಂತರದ ಮಾತು ಬರುವುದು. ಚೂರನ್ನು ಹಿಡಿಯುವ ಅಣುವಿನ ಮೇಲೆ ಒಂದು ತೋಡು ಇರುತ್ತದೆ. ಆ ತೋಡಿನ ಆಕಾರಕ್ಕೆ ಹೊಂದುವ ಚೂರುಗಳು ಮಾತ್ರ ಅದರಲ್ಲಿ ಕೂರುತ್ತವೆ. ವಂಶವಾಹಿಯ ಪಾಠ ಬದಲಾದರೆ ತೋಡಿನ ಆಕಾರವೂ ಬದಲಾಗುತ್ತದೆ. ಒಂದು ಪಾಠವು ಹಿಡಿಯಲಾರದ ಚೂರನ್ನು ಇನ್ನೊಂದು ಪಾಠವು ಹಿಡಿಯುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಭಿನ್ನಪಾಠಗಳನ್ನು ಪಡೆದ ಜೀವಿಯು ಒಂದೇ ಪಾಠವನ್ನು ಎರಡು ಬಾರಿ ಪಡೆದ ಜೀವಿಗಿಂತ ಹೆಚ್ಚು ರೋಗಗಳನ್ನು ಗುರುತಿಸಬಲ್ಲದೆಂಬ ಅನುಮಾನವನ್ನು ಡೊಹರ್ಟಿ ಮತ್ತು ಝಿಂಕರ್‌ನಾಗೆಲ್ ೧೯೭೫ರಲ್ಲಿಯೇ ಸೂಚಿಸಿದರು.

ಇದಕ್ಕೂ ಹಿಂದೆ, ೧೯೪೯ರಲ್ಲಿ, ರೋಗವೂ ವಿಕಾಸವೂ ಎಂಬ ವಿಷಯದ ಮೇಲೆ ಬರೆದ ಪ್ರಬಂಧದಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಇನ್ನೊಂದು ತತ್ತ್ವವನ್ನು ಹೇಳಿದ್ದರು. ೧೯೫೭ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ದೇಹಬಿಟ್ಟ ಮಹನೀಯರೇ ಇವರು. ರೋಗಾಣುಗಳು ಬಹುಸಂಖ್ಯಾತರ ಮೈಗೆ ಹೊಂದಿಕೊಳ್ಳುತ್ತವೆ; ಆದುದರಿಂದ ವಿರಳವಾದ ಮೈಗುಣವುಳ್ಳವನಿಗೆ ಆ ವಿರಳತೆಯೇ ರಕ್ಷೆ, ಎಂಬುದು ಅವರ ವಾದದ ಸಾರ. ವಿರಳಪಾಠವು ರಕ್ಷೆ ಕೊಡುತ್ತದೆ, ರಕ್ಷೆ ಪಡೆದುದು ಹೆಚ್ಚುತ್ತದೆ, ಹೆಚ್ಚಿದುದು ರೋಗಾಣುವಿಗೆ ಪರಿಚಿತವಾಗುತ್ತದೆ, ಆಗ ಬೇರೊಂದು ವಿರಳಪಾಠಕ್ಕೆ ಪ್ರಯೋಜನವುಂಟಾಗುತ್ತದೆ. ಹೀಗೆ ಈ ಚಕ್ರವು ತಿರುಗುತ್ತಿರುವವರೆಗೆ ಅನೇಕ ಪಾಠಗಳು ಜೊತೆಯಾಗಿ ಉಳಿಯುತ್ತವೆ. ೧೯೮೮ರಲ್ಲಿ ಆಸ್ಟಿನ್ ಹ್ಯೂಸ್ ಮತ್ತು ಮಸತೋಶಿ ನೇಯಿ ಎಂಬವರು, ಅಣುವಿನ ಅರ್ಥವನ್ನು ಬದಲಿಸುವ ಅಕ್ಷರವ್ಯತ್ಯಾಸಗಳು ಆ ತೋಡಿನ ಸ್ಥಾನದಲ್ಲಿಯೇ ಅರ್ಥವನ್ನು ಬದಲಿಸದ ವ್ಯತ್ಯಾಸಗಳಿಗಿಂತ ಹೆಚ್ಚಾಗಿವೆಯೆಂದು ತೋರಿಸಿ, ಈ ವೈವಿಧ್ಯ ಆಕಸ್ಮಿಕವಲ್ಲ, ಪ್ರಕೃತಿಯು ಆರಿಸಿ ಉಳಿಸಿದುದು ಎಂಬುದನ್ನು ಸ್ಥಾಪಿಸಿದರು.

ಆದರೆ ಪ್ರಕೃತಿಯ ಆಯ್ಕೆಗೂ ಒಂದು ಮಿತಿಯಿದೆ. ಸಂಖ್ಯೆ ತೀರ ಕುಗ್ಗಿದಾಗ ಆಯ್ಕೆಗಿಂತ ಅದೃಷ್ಟವೇ ಬಲವಾಗುತ್ತದೆ. ಹತ್ತು ಮೀನುಗಳಿಂದ ಒಂದು ಸಂತತಿಯನ್ನು ಆರಂಭಿಸಿದೆವೆಂದು ಇಟ್ಟುಕೊಳ್ಳೋಣ. ಹತ್ತು ಮೀನುಗಳಲ್ಲಿ ಒಂದು ವಂಶವಾಹಿಯ ಇಪ್ಪತ್ತು ಪ್ರತಿಗಳಿರುತ್ತವೆ. ಮೂಲಸಂತತಿಯಲ್ಲಿ ನೂರಕ್ಕೊಂದು ಪ್ರಮಾಣದಲ್ಲಿದ್ದ ವಿರಳಪಾಠವು ಈ ಇಪ್ಪತ್ತರಲ್ಲಿ ಬಾರದೆಹೋಗುವ ಸಂಭವ ನೂರಕ್ಕೆ ೮೨. ಐವತ್ತು ಮೀನುಗಳನ್ನು ತಂದರೂ ಆ ಸಂಭವ ನೂರಕ್ಕೆ ೩೭ರಷ್ಟಿರುತ್ತದೆ. ಮುಂದೆಯೂ ಸಂತಾನಕ್ಕೆ ಹತ್ತೇ ಮೀನುಗಳು ಭಾಗಿಗಳಾಗುತ್ತಿದ್ದರೆ ಉಳಿದ ಭಿನ್ನತೆಯಲ್ಲಿ ಪ್ರತಿ ತಲೆಮಾರಿಗೂ ಇಪ್ಪತ್ತರಲ್ಲೊಂದು ಪಾಲು ಕಳೆದುಹೋಗುತ್ತದೆ. ಒಂದೇ ವರ್ಷದಲ್ಲಿ ಆ ಹತ್ತು ಮೀನು ಸಾವಿರವಾಗಬಹುದು. ಕಳೆದ ಪಾಠ ಮಾತ್ರ ಹಿಂದಿರುಗದು. ರೋಗಕ್ಕೆದುರಾಗಿ ಅತ್ಯಂತ ಬೆಲೆಯುಳ್ಳ ವಿರಳಪಾಠವೇ ಎಲ್ಲಕ್ಕಿಂತ ಮೊದಲು ಕಾಣೆಯಾಗುವುದೆಂಬುದು ಈ ಲೆಕ್ಕದ ಶೋಚನೀಯವಾದ ಫಲಿತಾಂಶ.

೪

ಈಗ ಚಿಲುಮೆಗಳಿಗೆ ಹಿಂದಿರುಗೋಣ. ೧೯೮೫ರಲ್ಲಿ ರಾಬರ್ಟ್ ವ್ರಿಯೆನ್‌ಹೂಕ್ ಮತ್ತು ಅವರ ಸಹೋದ್ಯೋಗಿಗಳು ಅರಿಜೋನದ ಕಿರುಮೀನುಗಳ ಪ್ರೋಟೀನುಗಳನ್ನು ಪರೀಕ್ಷಿಸಿ ಒಂದು ವಿಸ್ಮಯಕರವಾದ ಸಂಗತಿಯನ್ನು ಪ್ರಕಟಿಸಿದರು. ಎಲ್ಲೆಡೆಗಳಲ್ಲಿಯೂ ಬಿಡುವುದಕ್ಕಾಗಿ ಬೆಳೆಸುತ್ತಿದ್ದ ಆ ಮೂಲಸಂತಾನದಲ್ಲಿ ಗುರುತಿಸಬಹುದಾದ ಭಿನ್ನತೆಯೇ ಇರಲಿಲ್ಲ. ಅಧಿಕಾರಿಗಳು ನೂರಾರು ಕಡೆ ಹಂಚಿದುದು ಒಂದೇ ಓಲೆಯ ನಕಲುಗಳನ್ನು. ಶಾರ್ಪ್ ಚಿಲುಮೆಯ ಮೀನಿನಲ್ಲಾದರೋ ಭಿನ್ನತೆ ಹೆಚ್ಚಾಗಿತ್ತು. ೧೯೮೯ರಲ್ಲಿ ಜೋಸೆಫ್ ಕ್ವಾಟ್ರೊ ಮತ್ತು ವ್ರಿಯೆನ್‌ಹೂಕ್ ಇವೆರಡು ಮೂಲಗಳ ಮೀನುಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಹೋಲಿಸಿದರು. ಬದುಕಿ ಉಳಿಯುವುದರಲ್ಲಿ, ಬೆಳವಣಿಗೆಯಲ್ಲಿ, ಬೇಗನೆ ಮರಿಹಾಕುವುದರಲ್ಲಿ, ಅವಯವಗಳ ಸಮತೆಯಲ್ಲಿ ಶಾರ್ಪ್ ಚಿಲುಮೆಯ ಮೀನೇ ಮೇಲೆಂದು ಅವರಿಗೆ ಕಂಡಿತು. ಸಂತಾನಕೇಂದ್ರದ ಮೂಲಸಂತಾನವು ಬದಲಾಗಿ, ಮಂಕಿ ಚಿಲುಮೆಯ ಸ್ಥಾನಕ್ಕೆ ಶಾರ್ಪ್ ಚಿಲುಮೆಯ ಮೀನು ಬಂದಿತು.

ವ್ರಿಯೆನ್‌ಹೂಕರು ಈ ತೀರ್ಮಾನಕ್ಕೆ ಬರುವುದಕ್ಕೆ ಇನ್ನೊಂದು ಅನುಭವವೂ ಹಿನ್ನೆಲೆಯಾಗಿತ್ತು. ಮೆಕ್ಸಿಕೋದ ಸೊನೋರ ಪ್ರಾಂತದ ಬೆಟ್ಟದ ಹಳ್ಳಗಳಲ್ಲಿ ಇದೇ ಬಳಗದ ಇನ್ನೊಂದು ಕಿರುಮೀನನ್ನು ಅವರು ಬಹುಕಾಲ ಅಭ್ಯಾಸಮಾಡಿದ್ದರು. ಅಲ್ಲಿ ಗಂಡುಹೆಣ್ಣುಗಳ ಕೂಟದಿಂದ ಹುಟ್ಟುವ ಮೀನುಗಳ ಜೊತೆಗೆ, ತಾಯಿಯ ಯಥಾಪ್ರತಿಯಾಗಿಯೇ ಹುಟ್ಟುವ, ಹೆಣ್ಣುಗಳಷ್ಟೇ ಇರುವ ಕುಲಗಳೂ ವಾಸಿಸುತ್ತವೆ. ಚಪ್ಪಟೆಹುಳುವಿನಿಂದಾಗುವ ಕರಿಚುಕ್ಕೆ ರೋಗವು ಸಾಧಾರಣವಾಗಿ ಯಥಾಪ್ರತಿ ಕುಲಗಳಲ್ಲಿ, ಅವುಗಳಲ್ಲಿಯೂ ಬಹುಸಂಖ್ಯಾತವಾದುದರಲ್ಲಿ, ಹೆಚ್ಚು. ಭಿನ್ನಭಿನ್ನವಾಗಿ ಹುಟ್ಟುವ ಮೀನುಗಳಲ್ಲಿ ಕಡಿಮೆ. ಆದರೆ ಹಾರ್ಟ್ ಪೂಲ್ ಎಂಬ ಒಂದು ಮಡುವಿನಲ್ಲಿ ಇದು ತಲೆಕೆಳಗಾಗಿತ್ತು. ೧೯೭೬ರ ಬರಗಾಲದಲ್ಲಿ ಆ ಮಡು ಬತ್ತಿ, ಅನಂತರ ಕೆಲವೇ ಮೀನುಗಳಿಂದ ಮರಳಿ ತುಂಬಿಕೊಂಡಿತ್ತು. ಅಲ್ಲಿಯ ಕೂಟಸಂತಾನದ ಮೀನುಗಳು ಒಳಸಂತಾನದಿಂದ ಭಿನ್ನತೆಯನ್ನು ಕಳೆದುಕೊಂಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತಿದ್ದುವು. ೧೯೮೩ರಲ್ಲಿ, ಹಳ್ಳದ ಕೆಳಭಾಗದಲ್ಲಿದ್ದ ಭಿನ್ನತೆಯುಳ್ಳ ಸಂತತಿಯಿಂದ ಮೂವತ್ತು ಹೆಣ್ಣುಗಳನ್ನು ತಂದು, ಮಡುವಿನ ಮೂವತ್ತು ಹೆಣ್ಣುಗಳ ಸ್ಥಾನದಲ್ಲಿ ಬಿಟ್ಟರು. ಎರಡು ವರ್ಷಗಳೊಳಗೆ ಅವುಗಳ ರೋಗಭಾರ ಇಳಿದು ಸ್ಥಿತಿಯು ಸರಿಯಾಯಿತು. ೧೯೯೦ರಲ್ಲಿ ಕರ್ಟಿಸ್ ಲೈವ್ಲಿ ಮೊದಲಾದವರೊಡನೆ ಪ್ರಕಟಿಸಿದ ಈ ವರದಿಯಲ್ಲಿ ಪರೀಕ್ಷೆಗೆ ಒಳಗಾದುದು ಒಂದು ನಿರ್ದಿಷ್ಟ ವಂಶವಾಹಿಯಲ್ಲ, ಸಮಗ್ರವಾದ ಭಿನ್ನತೆ. ಇದನ್ನು ಮರೆಯಲಾಗದು, ಏಕೆಂದರೆ ಮುಂದಿನ ವಾಗ್ವಾದದ ಕೀಲು ಇಲ್ಲಿಯೇ ಇದೆ.

೫

೧೯೯೧ರಲ್ಲಿ, ಹಿಂದೆ ಹೆಸರಿಸಿದ ಹ್ಯೂಸ್ ಒಂದು ದಿಟ್ಟ ಸಲಹೆಯನ್ನು ಮುಂದಿಟ್ಟರು. ಬಂಧನದಲ್ಲಿ ಬೆಳೆಸುವ ಅಪಾಯಗ್ರಸ್ತ ಪ್ರಾಣಿಗಳಲ್ಲಿ ಎಲ್ಲ ಭಿನ್ನತೆಯನ್ನೂ ಉಳಿಸುವುದು ಅಸಾಧ್ಯ, ಬಹುಭಾಗ ಭಿನ್ನತೆಯಿಂದ ಜೀವಿಗೆ ಲಾಭನಷ್ಟಗಳಿವೆಯೆಂಬುದಕ್ಕೆ ಆಧಾರವೂ ಇಲ್ಲ, ಎಂ. ಎಚ್. ಸಿ. ಪಾಠಗಳಿಂದ ಲಾಭವಿದೆಯೆಂಬುದು ಮಾತ್ರ ಖಚಿತ; ಆದಕಾರಣ ಆ ಪಾಠಗಳನ್ನು ಉಳಿಸುವಂತೆಯೇ ಜೋಡಿಗಳನ್ನು ಆರಿಸಬೇಕು, ಎಂಬುದು ಅವರ ಪಕ್ಷ. ಇದಕ್ಕೆ ಪೂರ್ವಭಾವಿಯಾಗಿ ಚೀತಾ ಎಂಬ ಶಿವಂಗಿಯ ಉದಾಹರಣೆ ಎಲ್ಲರ ಕಣ್ಣಮುಂದಿತ್ತು. ನಂಟಿಲ್ಲದ ಶಿವಂಗಿಗಳ ನಡುವೆ ಚರ್ಮವನ್ನು ಕಸಿಮಾಡಿದರೂ ಅವು ತಿರಸ್ಕರಿಸಲಿಲ್ಲವೆಂದೂ, ಒಂದು ಮೃಗಾಲಯದಲ್ಲಿ ವೈರಸ್ ರೋಗವು ಅವುಗಳನ್ನು ಬಹುವಾಗಿ ಕೊಂದಿತೆಂದೂ ಸ್ಟೀಫನ್ ಓಬ್ರಿಯನ್ ಮೊದಲಾದವರು ೧೯೮೫ರಲ್ಲಿ ಪ್ರಕಟಿಸಿದ್ದರು. ಕಾಡಿನ ಶಿವಂಗಿಗಳಲ್ಲಿ ಈ ಭಿನ್ನತೆ ಅಷ್ಟೊಂದು ಕಡಿಮೆಯಲ್ಲವೆಂದು ಅನಂತರದ ಸಂಶೋಧನೆಗಳು ಈ ಮಾತನ್ನು ತಿದ್ದಿವೆಯಾದರೂ, ಆ ಕಾಲದಲ್ಲಿ ಅದರ ಪ್ರಭಾವ ಬಹಳವಾಗಿತ್ತು.

ಹ್ಯೂಸರ ಸಲಹೆಗೆ ಅದೇ ವರ್ಷ ಖಂಡನೆಗಳು ಬಂದುವು. ಒಂದನ್ನು ಬರೆದವರು ಕಿರುಮೀನಿನ ಪಂಡಿತರಾದ ವ್ರಿಯೆನ್‌ಹೂಕರೂ ಪಾಲ್ ಲೆಬರ್ಗರೂ; ಇನ್ನೊಂದನ್ನು ಬರೆದವರು ಫಿಲಿಪ್ ಮಿಲ್ಲರ್ ಮತ್ತು ಫಿಲಿಪ್ ಹೆಡ್ರಿಕ್. ಇವರ ವಾದವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಕಾವ್ಯವೊಂದರಲ್ಲಿ ಸೊಗಸಾದ ಒಂದು ಆಶ್ವಾಸದ ಪಾಠಾಂತರಗಳನ್ನು ಉಳಿಸಬೇಕೆಂದು, ಆ ಆಶ್ವಾಸ ಚೆನ್ನಾಗಿರುವ ಓಲೆಗಳನ್ನು ಮಾತ್ರ ಆರಿಸಿ ಉಳಿದ ಓಲೆಗಳನ್ನು ತ್ಯಜಿಸಿದರೆ, ಇತರ ಆಶ್ವಾಸಗಳ ಗತಿಯೇನು? ಕೆಲವೇ ವಂಶವಾಹಿಗಳನ್ನು ಗುರಿಯಾಗಿಟ್ಟುಕೊಂಡು ಜೋಡಿಗಳನ್ನು ಆರಿಸಿದರೆ ಸಂತಾನಕ್ಕೆ ಭಾಗಿಗಳಾಗುವ ಜೀವಿಗಳ ಸಂಖ್ಯೆ ಕುಗ್ಗುತ್ತದೆ, ಒಳಸಂತಾನ ಹೆಚ್ಚುತ್ತದೆ, ಸಾವಿರಾರು ಇತರ ವಂಶವಾಹಿಗಳ ಪಾಠಗಳು ನಷ್ಟವಾಗುತ್ತವೆ. ರೋಗವನ್ನು ಎದುರಿಸುವ ಶಕ್ತಿಯೂ ಎಂ. ಎಚ್. ಸಿ. ಒಂದರಲ್ಲಿಯೇ ಅಡಗಿದುದಲ್ಲ, ಮೈಚರ್ಮ, ಮೈಮೇಲಿನ ಲೋಳೆ, ಇತರ ರಕ್ಷಣಾಣುಗಳು ಇವೆಲ್ಲವುಗಳ ಹಿಂದೆಯೂ ಬೇರೆ ಬೇರೆ ವಂಶವಾಹಿಗಳಿವೆ.

ಈ ವಾಗ್ವಾದದಲ್ಲಿ ಯಾರ ಪಕ್ಷ ಗೆದ್ದಿತು? ನನಗೆ ತೋರುವಂತೆ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಆದರೆ ಆಚರಣೆಗೆ ಯೋಗ್ಯವಾದುದು ಖಂಡನಕಾರರ ಪಕ್ಷವೇ. ಎಂ. ಎಚ್. ಸಿ.ಯ ವೈವಿಧ್ಯಕ್ಕೆ ಬೆಲೆಯಿದೆಯೆಂದು ಹ್ಯೂಸರು ಹೇಳಿದುದು ಸರಿ. ಅದೊಂದನ್ನೇ ಅಳತೆಗೋಲಾಗಿಸಬೇಕೆಂದುದು ಸರಿಯಲ್ಲ. ಈ ಎಚ್ಚರಿಕೆಯನ್ನು ಬಲಪಡಿಸುವ ಸಂಗತಿಯೊಂದು ೨೦೧೧ರಲ್ಲಿ ಹೊರಬಿದ್ದಿತು. ಅಟ್ಲಾಂಟಿಕ್ ಸಮುದ್ರದ ಕಾಡ್ ಮೀನಿನಲ್ಲಿ ಎರಡನೆಯ ವರ್ಗದ ಎಂ. ಎಚ್. ಸಿ. ವಂಶವಾಹಿಗಳೇ ಲೋಪವಾಗಿವೆಯೆಂದೂ, ಒಂದನೆಯ ವರ್ಗದವು ಬಹುವಾಗಿ ಹೆಚ್ಚಿವೆಯೆಂದೂ ತಿಳಿದುಬಂದಿತು. ಅಷ್ಟು ಮುಖ್ಯವೆಂದು ತಿಳಿದಿದ್ದ ಅಂಗವೊಂದು ಇಲ್ಲದೆಯೂ ಆ ಮೀನು ಸಮುದ್ರದಲ್ಲಿ ಬಾಳುತ್ತಿದೆ. ಪ್ರಕೃತಿಯ ರಕ್ಷಣಾಶಾಸ್ತ್ರಕ್ಕೆ ಒಂದೇ ಸೂತ್ರವಿಲ್ಲ.

೬

ಕಿರುಮೀನಿನ ವಿಷಯದಲ್ಲಿಯೂ ತೀರ್ಮಾನವು ಅಲ್ಲಿಗೇ ನಿಲ್ಲಲಿಲ್ಲ. ೧೯೯೭ರಲ್ಲಿ ಶೆಫರ್, ಹೆಡ್ರಿಕ್ ಮೊದಲಾದವರು ಹಿಂದಿನ ಹೋಲಿಕೆಯನ್ನು ಮತ್ತೆ ಮಾಡಿದರು. ಅವರ ಪ್ರಯೋಗಶಾಲೆಯಲ್ಲಿ ಎಲ್ಲ ಚಿಲುಮೆಗಳ ಮೀನುಗಳೂ ಚೆನ್ನಾಗಿಯೇ ಬದುಕಿದುವು. ಶಾರ್ಪ್ ಚಿಲುಮೆಯ ಮೀನಿಗೆ ಹೇಳಿದ್ದ ಮೇಲ್ಮೆ ಕಾಣಲಿಲ್ಲ. ಮರುವರ್ಷ ಹೆಡ್ರಿಕ್ ಮತ್ತು ಕರೆನ್ ಪಾರ್ಕರ್ ಈ ಮೀನಿನ ಎರಡನೆಯ ವರ್ಗದ ಎಂ. ಎಚ್. ಸಿ. ವಂಶವಾಹಿಯನ್ನೇ ನೇರವಾಗಿ ಓದಿದರು. ಚಿಲುಮೆ ಚಿಲುಮೆಗೂ ಪಾಠಗಳು ಬೇರೆ ಬೇರೆಯಾಗಿದ್ದುವು; ಅರ್ಥವನ್ನು ಬದಲಿಸುವ ವ್ಯತ್ಯಾಸಗಳು ಇಲ್ಲಿಯೂ ಎದ್ದು ಕಂಡುವು. ಇದರಿಂದ ಆದ ಪ್ರಯೋಜನ ದೊಡ್ಡದು. ಮೊದಲು ಮಂಕಿ ಚಿಲುಮೆಯ ಮೀನನ್ನೇ ಎಲ್ಲೆಡೆಯೂ ಹರಡಿದ್ದರು. ಅನಂತರ ಅದನ್ನು ಕೀಳೆಂದು ಬದಿಗಿಟ್ಟು ಶಾರ್ಪ್ ಚಿಲುಮೆಯದನ್ನು ಹರಡಿದರು. ಇವೆರಡೂ ಒಂದೇ ತಪ್ಪಿನ ಎರಡು ಮುಖಗಳು. ಮಂಕಿ ಚಿಲುಮ���ಯ ಮೀನು ಭಿನ್ನತೆಯಲ್ಲಿ ಬಡವಾಗಿರಬಹುದು. ಆದರೆ ಸಾವಿರಾರು ವರ್ಷ ಪ್ರತ್ಯೇಕವಾಗಿ ಬೆಳೆದು ಬಂದ ಅದರ ಪಾಠವು ಬೇರೆಲ್ಲಿಯೂ ಇಲ್ಲ. ಪ್ರತಿಯೊಂದು ಶಾಖೆಯನ್ನೂ ಅದರದರ ಪ್ರದೇಶದಲ್ಲಿ ಪ್ರತ್ಯೇಕವಾಗಿ ಕಾಪಾಡಬೇಕೆಂಬ ನೀತಿಗೆ ಈ ಅಧ್ಯಯನಗಳು ಆಧಾರವಾದುವು. ಒಂದು ಪ್ರತಿಯನ್ನು ಶ್ರೇಷ್ಠವೆಂದು ಆರಿಸಿ ಉಳಿದವನ್ನು ಸುಡುವವನು ಸಂಪಾದಕನಲ್ಲವಷ್ಟೆ!

ಈ ಎಚ್ಚರಿಕೆ ಎಷ್ಟು ಅವಶ್ಯಕವಾಗಿತ್ತೆಂಬುದನ್ನು ಮುಂದಿನ ಘಟನೆಯೇ ತೋರಿಸಿತು. ಭಿನ್ನತೆಯಲ್ಲಿ ಸಿರಿವಂತವೆನಿಸಿದ್ದ ಶಾರ್ಪ್ ಚಿಲುಮೆಗೂ ಗ್ಯಾಂಬೂಸಿಯಾ ಹೊಕ್ಕಿತು. ಅಲ್ಲಿಯ ಕಿರುಮೀನು ತನ್ನ ಮೂಲಸ್ಥಾನದಿಂದ ಮರೆಯಾಯಿತು. ಬೇರೆಡೆ ಬೆಳೆಸಿದ ಸಂತತಿಯಲ್ಲಿ ಮಾತ್ರ ಅದರ ಪಾಠಗಳು ಉಳಿದುವು. ಎಂತಹ ಪಾಠಸಂಪತ್ತೂ ಚಿಲುಮೆಗೆ ಕಾವಲಿಲ್ಲದಿದ್ದರೆ ವ್ಯರ್ಥ. ರೋಗವನ್ನು ಗೆಲ್ಲುವ ವಂಶವಾಹಿಯು ತನ್ನ ಮರಿಯನ್ನು ನುಂಗುವ ಬಾಯಿಗೆ ಅಡ್ಡಬರಲಾರದು.

ರೋಗದ ಭಯವೂ ಕಲ್ಪಿತವಲ್ಲ. ನಾರ್ವೆ ದೇಶದಲ್ಲಿ ೧೯೭೫ರಲ್ಲಿ ಗೈರೊಡ್ಯಾಕ್ಟೈಲಸ್ ಎಂಬ ಚಪ್ಪಟೆಹುಳು ಸಾಲ್ಮನ್ ಮೀನುಗಳ ಮೈಮೇಲೆ ಕಾಣಿಸಿಕೊಂಡಿತು. ಅದು ಬಂದುದು ಬಾಲ್ಟಿಕ್ ಪ್ರದೇಶದ ಸಂತಾನಕೇಂದ್ರಗಳಿಂದ ತಂದ ಮರಿಗಳ ಮೂಲಕ. ತಲತಲಾಂತರದಿಂದ ಆ ಹುಳುವಿನೊಡನೆ ಬಾಳಿದ ಬಾಲ್ಟಿಕ್ ಸಾಲ್ಮನ್‌ಗಳಿಗೆ ಅದರಿಂದ ಹೆಚ್ಚಿನ ಬಾಧೆಯಿರಲಿಲ್ಲ. ಅದನ್ನೆಂದೂ ಕಾಣದ ನಾರ್ವೆಯ ಸಾಲ್ಮನ್ ಮರಿಗಳು ರಾಶಿರಾಶಿಯಾಗಿ ಸತ್ತುವು. ಐವತ್ತರಷ್ಟು ನದಿಗಳಿಗೆ ಅದು ಹರಡಿತು. ಅನೇಕ ನದಿಗಳಿಗೆ ವಿಷಹಾಕಿ ಎಲ್ಲ ಮೀನುಗಳನ್ನೂ ಕೊಂದು ಹೊಸದಾಗಿ ಆರಂಭಿಸಬೇಕಾಯಿತು. ಮೀನನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಸಾಗಿಸುವವನು ಅದರ ರೋಗಗಳನ್ನೂ ಸಾಗಿಸುತ್ತಾನೆ.

ನಮ್ಮ ನಾಡಿಗೆ ಈ ಚರಿತ್ರೆಯಿಂದ ಏನು ಫಲ? ಕಾವೇರಿಯ ಡುಬ್ಬದ ಮಹಶೀರ್ ಮೀನನ್ನು ನೆನೆಯೋಣ. ಹತ್ತೊಂಬತ್ತನೆಯ ಶತಮಾನದಿಂದಲೂ ಗಾಣದ ಬೇಟೆಗಾರರಲ್ಲಿ ಪ್ರಖ್ಯಾತವಾಗಿದ್ದ ಈ ಮಹಾಮತ್ಸ್ಯದ ಶಾಸ್ತ್ರೀಯ ನಾಮವು ಟಾರ್ ರೆಮಾದೇವಿ ಎಂದು ನಿರ್ಣಯವಾದುದು ೨೦೧೮ರಲ್ಲಿ. ಅದೇ ವರ್ಷ ಅದು ತೀವ್ರವಾದ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ತಿಳಿಯುವ ಮೊದಲೇ ಹೆಸರು ಅಳಿಸುವ ಕಾಲ ಬಂದಿತ್ತು. ೧೯೭೦ರ ದಶಕದಿಂದ ಮುಂದೆ, ಸದುದ್ದೇಶದಿಂದಲೇ, ಲೋನಾವಳದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ನದಿಯಲ್ಲಿ ಮಹಶೀರ್‌ಗಳ ಸಂಖ್ಯೆ ಕಂಡವರಿಗೆ ಸಮಾಧಾನವಾಯಿತು. ಅವು ಯಾವ ಮಹಶೀರ್ ಎಂದು ಕೇಳಿದವರು ವಿರಳ. ಡುಬ್ಬದ ಮಹಶೀರನ್ನು ಬೆಳೆಸಲು ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ಲಕ್ಷ ಮರಿಗಳು ಎಂಬುದಲ್ಲ, ಎಷ್ಟು ತಾಯ್ತಂದೆಗಳು, ಯಾವ ಯಾವ ಉಪನದಿಗಳವು, ಎಂಬುದು. ಒಂದು ದೊಡ್ಡ ಹೆಣ್ಣುಮೀನು ಸಾವಿರಾರು ಮೊಟ್ಟೆಗಳನ್ನಿಡುವುದರಿಂದ ಒಂದೇ ಓಲೆಯ ನಕಲುಗಳಿಂದ ನದಿಯನ್ನು ತುಂಬುವುದು ಕಿರುಮೀನಿಗಿಂತ ಇಲ್ಲಿ ಇನ್ನೂ ಸುಲಭ. ಶೃಂಗೇರಿ, ರಾಮನಾಥಪುರ, ಶಿಶಿಲ ಮೊದಲಾದ ಕ್ಷೇತ್ರಗಳ ಮಡುಗಳಲ್ಲಿ ಮೀನನ್ನು ದೇವರದೆಂದು ಭಾವಿಸಿ ಮುಟ್ಟದೆ ಉಳಿಸಿಕೊಂಡು ಬಂದ ನಮ್ಮ ಹಿರಿಯರಿಗೆ ವಂಶವಾಹಿಗಳ ಪರಿಚಯವಿರಲಿಲ್ಲ. ಆದರೂ ಒಂದೊಂದು ನದಿಯ ಮೀನನ್ನು ಆಯಾ ನದಿಯಲ್ಲಿಯೇ ಉಳಿಸುವ ವಿಷಯದಲ್ಲಿ ಅವರ ಆಚಾರವು ಈ ಶಾಸ್ತ್ರದ ತೀರ್ಮಾನಕ್ಕೆ ವಿರೋಧವಾಗಿಲ್ಲ.

ಆರಂಭದಲ್ಲಿ ಹೇಳಿದ ಸ್ಥಳಕ್ಕೆ ಬಂದು ಲೇಖನವನ್ನು ಮುಗಿಸುತ್ತೇನೆ. ಟೂಸಾನ್ ಬಳಿಯ ಸಾಂಟಾ ಕ್ರೂಜ್ ನದಿ ಇಪ್ಪತ್ತನೆಯ ಶತಮಾನದಲ್ಲಿ ಬತ್ತಿಹೋಗಿತ್ತು. ಅನಂತರ ನಗರದ ಚರಂಡಿಯ ನೀರನ್ನು ಶುದ್ಧೀಕರಿಸಿ ಆ ಪಾತ್ರಕ್ಕೆ ಬಿಡತೊಡಗಿದರು. ಶುದ್ಧೀಕರಣವು ಉತ್ತಮವಾದಂತೆ ನೀರೂ ತಿಳಿಯಾಯಿತು. ೨೦೧೭ರಲ್ಲಿ ಆ ನೀರಿನಲ್ಲಿ ಬಲೆ ಬೀಸಿದವರಿಗೆ, ಎಷ್ಟೋ ದಶಕಗಳಿಂದ ಅಲ್ಲಿ ಕಾಣದಿದ್ದ ಗಿಲಾ ಕಿರುಮೀನು ಸಿಕ್ಕಿತು. ೧೮೫೩ರಲ್ಲಿ ಅದನ್ನು ಮೊದಲು ವರ್ಣಿಸಿದುದು ಇದೇ ನದಿಯ ಮೀನನ್ನು ನೋಡಿ. ಹಾಗೆ ಮರಳಿ ಬಂದ ಮೀನಿನೊಳಗೆ ಹಳೆಯ ಪಾಠಗಳು ಎಷ್ಟು ಉಳಿದಿವೆಯೆಂಬುದನ್ನು ಬಲೆಯು ಹೇಳಲಾರದು; ಆದರೆ ಅದನ್ನು ಕೇಳಬೇಕೆಂಬ ತಿಳಿವಳಿಕೆ ಈಗ ನಮಗಿದೆ. ೧೯೬೭ರಲ್ಲಿ ಅದೂ ಇರಲಿಲ್ಲ.